ಇಳಿಯುವವರ ಎಡ

ಬಸ್ಸಿನಿಂದ ಇಳಿಯುವಾಗಲೇ ರೇಣುಕಯ್ಯನಿಗೆ, ತಾನು ಹಾಕಿಕೊಂಡಿರುವ ಟೋಪಿ ತನ್ನದಲ್ಲ ಎಂಬುದು ಕಂಡಕ್ಟರಿಗೆ ಗೊತ್ತಾಗಿದೆ ಅನ್ನಿಸಿತು. ಟೋಪಿ ಅಳಿಯನದು. ಮೂವತ್ತೊಂದು ವರ್ಷ ಬರಿತಲೆಯಲ್ಲೇ ಪಾಠ ಹೇಳಿದ ಮನುಷ್ಯ ಐವತ್ತೊಂಬತ್ತರಲ್ಲಿ ಒಂದು ಮಂಗಳವಾರ ಬೆಳಿಗ್ಗೆ ಎದ್ದು ಕೆಂಪು ಟೋಪಿ ಹಾಕಿಕೊಂಡರೆ ಎಂಥವನಿಗೂ ಅನುಮಾನ ಬರಬೇಕಾದ್ದೇ. ಹೆಂಡತಿ ಜಗದಾಂಬಳಿಗೆ ಮಧುಗಿರಿಯಲ್ಲಿ ಪೆನ್ಷನ್ ಕಾಗದದ ಕೆಲಸ ಎಂದು ಹೇಳಿದ್ದ. ಶಾಲೆಗೆ ಹಲ್ಲುನೋವು ಎಂದು ರಜೆ ಚೀಟಿ ಕಳಿಸಿದ್ದ. ಗೈಡಿಗೆ ಫೋನಿನಲ್ಲಿ, ಹೆಸರು ಭೀಮರಾಜು, ಪಾವಗಡದ ಕಡೆ ಕಡಲೆಕಾಯಿ ವ್ಯಾಪಾರ ಎಂದಿದ್ದ. ಯಾವುದನ್ನು ಯಾರಿಗೆ ಹೇಳಿದ್ದೇನೆಂದು ದಾರಿಯುದ್ದಕ್ಕೂ ಮಕ್ಕಳು ಮಗ್ಗಿ ಒಪ್ಪಿಸುವಂತೆ ಮನಸ್ಸಿನಲ್ಲೇ ಒಪ್ಪಿಸಿಕೊಂಡು ಬಂದಿದ್ದ. ಎದುರಿಗೆ ಹದ್ದಿನದುರ್ಗ ನಿಂತಿತ್ತು. ಹುಟ್ಟಿದಾಗಿನಿಂದ ನೋಡಿದ ಬೆಟ್ಟ. ಕೊಡಿಗೇನಹಳ್ಳಿಯ ತನ್ನ ಮನೆಯ ಮಾಳಿಗೆ ಹತ್ತಿದರೆ ನೀಲಿಯಾಗಿ, ಸಾಧುವಾಗಿ ಕಾಣುವ ಬೆಟ್ಟ. ಹತ್ತಿರದಿಂದ ಅದು ಬರೀ ಕಲ್ಲು. ಕತ್ತು ಹಿಂದಕ್ಕೆ ಬಾಗಿಸಿದರೂ ತುದಿ ಸಿಗಲಿಲ್ಲ, ಟೋಪಿ ಮಾತ್ರ ಬಿದ್ದುಹೋಯಿತು.

"ಭೀಮರಾಜು ಸಾರ್ ಅಲ್ವಾ?" ಎಂದು ಯಾರೋ ಕೇಳಿದರು. ಅವನು ಯಾರನ್ನು ಕರೆಯುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿದ. ಆಮೇಲೆ ನಾಚಿಕೆಯಾಗಿ, ಹೌದು ಹೌದು ಎಂದು ಎರಡು ಸಲ ಅಂದ. ಮೂವತ್ತೈದರ ಆಸುಪಾಸಿನ ಹೆಂಗಸು. ಚೂಡಿದಾರದ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಬೆನ್ನಿಗೆ ಹಳೆಯ ಸ್ಕೂಲ್ ಬ್ಯಾಗು, ಬರಿಗಾಲು. ಫೋನಿನಲ್ಲಿ ಮಾತಾಡಿದ್ದು ಗಂಡಸಿನ ದನಿಯಾಗಿತ್ತಲ್ಲ ಎಂದು ಅವನು ತಡವರಿಸಿದ.

"ಅದು ನಮ್ಮೆಜಮಾನ್ರು ಸಾರ್. ಅವ್ರು ಫೋನ್ ಎತ್ತೋದು, ನಾನು ಬೆಟ್ಟ ಹತ್ತೋದು. ನನ್ನೆಸ್ರು ಗಂಗಲಕ್ಷ್ಮಿ. ರಜಾದಾಗೆ ಸಿದ್ದರಬೆಟ್ಟಕ್ಕೂ ಕರ್ಕೊಂಡೋಗ್ತೀನಿ, ಮಿಕ್ಕಿದ್ ದಿನ ಇದೇ," ಎಂದಳು. "ಬೀಪಿ ಶುಗರ್ರು ಏನಾದ್ರೂ ಐತಾ ಸಾರ್? ತಲೆ ಸುತ್ತು?"

ಏನೂ ಇಲ್ಲ ಎಂದ. ಇವತ್ತಿನ ಸುಳ್ಳುಗಳಲ್ಲಿ ಇದು ಎಷ್ಟನೆಯದೋ. ಹೆಂಗಸು ಗೈಡು ಎಂದರೆ ಬೆಟ್ಟ ಅಷ್ಟೇನೂ ಕಷ್ಟವಿರಲಾರದು ಎಂಬ ಒಂದು ಸಮಾಧಾನ ಬಂತು. ಅಂಥ ಸಮಾಧಾನ ತನ್ನೊಳಗೆ ಬಂದದ್ದಕ್ಕೇ ಇನ್ನೊಂದು ನಾಚಿಕೆಯಾಯಿತು. ಮೂವತ್ತೊಂದು ವರ್ಷ ಸ್ತ್ರೀ ಸಮಾನತೆಯ ಪಾಠ ಮಾಡಿದವನು ಅವನೇ.

ಬರುವ ಭಾನುವಾರ ಶಾಲೆಯವರು ಅವನಿಗೆ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಹಾರ, ಶಾಲು, ಫಲತಾಂಬೂಲವಾಗಿದ್ದರೆ ಅವನು ತಲೆ ತಗ್ಗಿಸಿ ಸ್ವೀಕರಿಸಿ ಮನೆಗೆ ಹೋಗುತ್ತಿದ್ದ. ಆದರೆ ವಿಜ್ಞಾನದ ಟೀಚರ್ ವೇದಾವತಿ, ಹೊಸ ಹುರುಪಿನವರು, ಸ್ಟಾಫ್ ರೂಮಿನಲ್ಲಿ ಎದ್ದುನಿಂತು, ದುರ್ಗದ ಮೇಷ್ಟ್ರಿಗೆ ದುರ್ಗದ ನೆತ್ತಿಯಲ್ಲೇ ಸನ್ಮಾನ ಮಾಡೋಣ ಎಂದುಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಲವತ್ತು ಮಕ್ಕಳು, ಒಂಬತ್ತು ಜನ ಮೇಷ್ಟ್ರುಗಳು, ಮುಂದುಗಡೆ ರೇಣುಕಯ್ಯನವರು. ಗೈಡ್ ಯಾಕೆ ಬೇಕು, ಅವರಿಗಿಂತ ಗೈಡ್ ಯಾರಿದ್ದಾರೆ ಎಂದು ಹೆಡ್‌ಮಾಸ್ಟರು ನಕ್ಕಿದ್ದರು. ಅವನೂ ನಕ್ಕ. ಅವತ್ತಿನಿಂದ ನಿದ್ದೆ ಇಲ್ಲ. 'ಹದ್ದಿನದುರ್ಗ: ಒಂದು ಪರಿಚಯ' ಎಂಬ ಮೂವತ್ತೆರಡು ಪುಟದ ಪುಸ್ತಕ ಬರೆದ, ಈ ಸೀಮೆಯಲ್ಲಿ ಮದುವೆಮನೆಯಲ್ಲೂ ಸಾವಿನ ಮನೆಯಲ್ಲೂ ದುರ್ಗದ ಮೇಷ್ಟ್ರು ಎಂದೇ ಕರೆಸಿಕೊಳ್ಳುವ ರೇಣುಕಯ್ಯ ಹದ್ದಿನದುರ್ಗದ ಮೂರನೆಯ ಬಾಗಿಲು ದಾಟಿ ಮೇಲಕ್ಕೆ ಒಂದು ಹೆಜ್ಜೆಯನ್ನೂ ಇಟ್ಟವನಲ್ಲ. ಇದು ಭೂಮಿಯ ಮೇಲೆ ಅವನೊಬ್ಬನಿಗೆ ಗೊತ್ತಿತ್ತು. ಇವತ್ತು ಒಂದು ಸಲ ಹತ್ತಿ ಇಳಿದುಬಿಟ್ಟರೆ ಆಯಿತು, ಸುಳ್ಳು ನಿಜವಾಗಿಬಿಡುತ್ತದೆ, ಹಿಂದಿನ ದಿನಾಂಕ ಹಾಕಿ ಸಹಿ ಮಾಡಿದ ಹಾಗೆ. ಲೆಕ್ಕ ಸರಿಯಾಗಿಯೇ ಇತ್ತು.

ಮೊದಲ ಬಾಗಿಲಿನವರೆಗೆ ಸಲೀಸು. ಗಂಗಲಕ್ಷ್ಮಿ ಅವನನ್ನು ಮುಂದೆ ಬಿಟ್ಟು ತಾನು ಎರಡು ಮೆಟ್ಟಿಲು ಹಿಂದೆ ಬರುತ್ತಿದ್ದಳು. ಹತ್ತುವಾಗ ಗೈಡು ಹಿಂದೆ, ಇಳಿಯುವಾಗ ಮುಂದೆ, ಬೀಳೋರು ಯಾವಾಗ್ಲೂ ಕೆಳಕ್ಕೆ ತಾನೆ ಸಾರ್ ಬೀಳೋದು, ಎಂದಳು. ಹಿಂದಿನಿಂದ ಅವಳ ದನಿ ಇದ್ದಕ್ಕಿದ್ದಂತೆ ಬೇರೆಯಾಯಿತು, ಶಾಲಾ ವಾರ್ಷಿಕೋತ್ಸವದಲ್ಲಿ ಭಾಷಣ ಮಾಡುವ ಮಕ್ಕಳ ದನಿಯಂತೆ: "ಶತ್ರುಗಳಿಗೆ ಅಭೇದ್ಯವೂ ಮಿತ್ರರಿಗೆ ಆಹ್ಲಾದಕರವೂ ಆದ ಈ ಹೆಬ್ಬಾಗಿಲು ಪಾಳೆಯಗಾರರ ಶೌರ್ಯಕ್ಕೆ ಮೂಕಸಾಕ್ಷಿಯಾಗಿ ನಿಂತಿದೆ." ರೇಣುಕಯ್ಯ ಮೆಟ್ಟಿಲ ಮೇಲೆ ನಿಂತುಬಿಟ್ಟ. ಅವನದೇ ಪುಸ್ತಕ, ಏಳನೆಯ ಪುಟ, ಮೇಲಿನಿಂದ ಎರಡನೆಯ ಸಾಲು. ಮೂಕಸಾಕ್ಷಿ ಎಂಬ ಮಾತು ಸಿಕ್ಕಿದ ದಿನ ಅವನು ಖುಷಿಯಲ್ಲಿ ಎರಡು ಲೋಟ ಕಾಫಿ ಕುಡಿದಿದ್ದ. ಈಗ ಬಾಗಿಲ ಕಲ್ಲಿನ ಮೇಲೆ ಯಾರೋ ಹೃದಯದ ಚಿತ್ರ ಕೆತ್ತಿ ಎರಡು ಹೆಸರು ಬರೆದಿದ್ದರು.

"ಇದನ್ನೆಲ್ಲ ಎಲ್ಲಿ ಕಲಿತೆಯಮ್ಮ?" ಎಂದು ಕೇಳಿದ. ಕೇಳಬಾರದಿತ್ತು.

"ಪುಸ್ತಕ ಐತೆ ಸಾರ್. ಕೊಡಿಗೇನಳ್ಳಿ ಮೇಷ್ಟ್ರು ಬರ್ದಿರೋದು. ಈ ಬೆಟ್ಟದ ಒಂದೊಂದು ಕಲ್ಲೂ ಗೊತ್ತಂತೆ ಅವ್ರಿಗೆ."

"ನೀನು ನೋಡಿದ್ದೀಯಾ ಅವರನ್ನ?"

"ಎಲ್ಲಿ ಸಾರ್. ನಮ್ಮಪ್ಪ ಒಂದ್ಸಲ ನೋಡೈತೆ." ಅವನು ಮುಂದೆ ಕೇಳಲಿಲ್ಲ. ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡ.

ಎರಡನೆಯ ಬಾಗಿಲು ದಾಟಿದ ಮೇಲೆ ಬಿಸಿಲು ಮೋಡದ ಹಿಂದೆ ಹೋಯಿತು. ಜೂನ್ ತಿಂಗಳ ಗಾಳಿ, ಮಳೆ ಇಲ್ಲದ ಬರೀ ಗಾಳಿ, ಪ್ಯಾಂಟನ್ನು ಕಾಲಿಗೆ ಅಂಟಿಸುತ್ತಿತ್ತು. ಹಿಂದೆ ಅವಳು ಲೋಕಾಭಿರಾಮವಾಗಿ, ನಿಮ್ಮ ಕಡೆ ಕಡ್ಲೆಕಾಯಿ ಹೆಂಗೆ ಸಾರ್ ಈ ಸಲ, ಅಂದಳು. ಪರವಾಗಿಲ್ಲ, ಕಾಯಿ ಚೆನ್ನಾಗಿ ಕಟ್ಟಿದೆ, ಎಂದ ಅವನು, ವ್ಯಾಪಾರಿಯ ಗತ್ತಿನಲ್ಲಿ. ಆಮೇಲೆ ಅವಳು ಮೆಲ್ಲಗೆ, "ನಮ್ಮ ಚಿಕ್ಕಮ್ಮ ವೈ.ಎನ್.ಹೊಸಕೋಟೆಯಾಗವ್ಳೆ ಸಾರ್. ಇನ್ನೂ ಬಿತ್ತನೇನೇ ಆಗಿಲ್ಲ, ಮಳೇನೇ ಇಲ್ಲ, ವಾನಲು ಲೇವು, ವಾನಲು ಲೇವು ಅಂತ ತೆಲುಗಾಗೆ ಫೋನಾಗೆ ದಿನಾ ಅದೇ ಗೋಳು," ಎಂದಳು. ಅವನಿಗೆ ಕಿವಿಯವರೆಗೂ ಬಿಸಿಯಾಯಿತು. ಹೋದ ವರ್ಷದ ಮಾತು ಹೇಳಿದೆ ಎಂದು ಗೊಣಗಿದ. ಅವಳು ಹೂಂ ಅಂದಳು. ಆ ಹೂಂನಲ್ಲಿ ನಗು ಇತ್ತೋ ಇಲ್ಲವೋ ತಿರುಗಿ ನೋಡುವ ಧೈರ್ಯವಾಗದೆ ಕಲ್ಲು ನೋಡುತ್ತ ನಡೆದ.

ಮೂರನೆಯ ಬಾಗಿಲು. ಅದರ ಪಕ್ಕಕ್ಕೆ ಕಣಜ, ಹಿಂದಿನವರು ಕೋಟೆಯ ದವಸ ತುಂಬಿಸಿಡುತ್ತಿದ್ದ ಕಲ್ಲಿನ ಗುಮ್ಮಟ. ಅದರ ಹಿಂದುಗಡೆ, ನಲವತ್ತೈದು ವರ್ಷದ ಕೆಳಗೆ, ಒಬ್ಬ ಹುಡುಗ ಕುಕ್ಕರಗಾಲಿನಲ್ಲಿ ಕೂತಿದ್ದಾನೆ, ಖಾಕಿ ಚಡ್ಡಿ, ಹದಿನಾಲ್ಕು ವರ್ಷ. ಮೇಲಿನಿಂದ ಸಹಪಾಠಿಗಳ ಕೂಗು ಕೇಳುತ್ತಿದೆ. ಡ್ರಿಲ್ ಮೇಷ್ಟ್ರು ಎಣಿಸುವಾಗ ಅವನು ಹೇಗೋ ತಪ್ಪಿಸಿಕೊಂಡಿದ್ದಾನೆ. ಮೇಲಿನ ಬಂಡೆಯನ್ನು ನೋಡಿದ ಕ್ಷಣ ಉಚ್ಚೆ ಹೊಯ್ಯುವ ನೆಪದಲ್ಲಿ ಪಕ್ಕಕ್ಕೆ ಸರಿದವನು ಸರಿದೇಬಿಟ್ಟಿದ್ದಾನೆ. ಎರಡು ಗಂಟೆಯ ಕಾಲ ಇರುವೆ ಸಾಲು ನೋಡುತ್ತ ಕೂತು, ಅವರೆಲ್ಲ ಇಳಿದು ಬರುವಾಗ ಗುಂಪಿನಲ್ಲಿ ಸೇರಿಕೊಳ್ಳುತ್ತಾನೆ. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದಾರೆ, ದೊಣೆಯಂತೆ, ಮುರುಕು ಗುಡಿಯಂತೆ, ಕೊನೆಯ ಬಂಡೆಯಂತೆ. ಎಡಕ್ಕೆ ಒತ್ತಿ ಹಿಡ್ಕೊಂಡ್ ಬಂದ್ವಿ ಕಣ್ಲಾ, ಇಲ್ದಿದ್ರೆ ಅಷ್ಟೆ ನಮ್ ಕತೆ. ಅವನು ಎಲ್ಲವನ್ನೂ ಕಿವಿಗೆ ತುಂಬಿಕೊಳ್ಳುತ್ತಾನೆ. ಮಾರನೆಯ ದಿನ ಕನ್ನಡ ಮೇಷ್ಟ್ರು ಪ್ರಬಂಧ ಬರೆಯಿರಿ ಎಂದಾಗ, ಹತ್ತಿದ ಅರವತ್ತು ಜನರಿಗಿಂತ ಹತ್ತದವನ ಪ್ರಬಂಧವೇ ಚೆನ್ನಾಗಿ ಬಂತು. ಪ್ರಾರ್ಥನೆಯಲ್ಲಿ ಓದಿಸಿದರು. ಅಲ್ಲಿಂದ ಶುರುವಾದದ್ದು. ಆಮೇಲೆ ಬೇಕಾದಷ್ಟು ವರ್ಷಗಳಿದ್ದವು ಹತ್ತುವುದಕ್ಕೆ, ನಿಜ. ಆದರೆ ಹತ್ತಿದ್ದೇನೆ ಎಂದವನು ಮತ್ತೆ ಹತ್ತಲು ಹೋಗಿ ಅರ್ಧದಲ್ಲಿ ನಡುಗಿದರೆ ನೋಡಿದವರು ಏನೆಂದುಕೊಂಡಾರು? ಹಾಗಾಗಿ ಪ್ರತಿ ವರ್ಷ ಬೆಟ್ಟ ಇನ್ನಷ್ಟು ಎತ್ತರವಾಯಿತು. ದುರ್ಗದ ಉತ್ಸವ ಸಮಿತಿಯವರು ಪುಸ್ತಕ ಕೇಳಿದಾಗ ಆ ಹಳೆಯ ಪ್ರಬಂಧದ ನೋಟ್‌ಬುಕ್ಕನ್ನೇ ತೆಗೆದು ಮುಂದಿಟ್ಟುಕೊಂಡ.

"ಕಣಜದ ಹಿಂದೆ ಹೋಗ್ಬೇಡಿ ಸಾರ್, ಹೊಲಸು ಮಾಡಿರ್ತಾರೆ," ಎಂದಳು ಗಂಗಲಕ್ಷ್ಮಿ. "ಬೂಟು ಬಿಚ್ಚಿ ನನ್ ಬ್ಯಾಗಿಗಾಕಿ. ಇಲ್ಲಿಂದ ಮ್ಯಾಲಕ್ಕೆ ಬರಿಗಾಲೇ ಸರಿ."

ಬೂಟು ಬಿಚ್ಚಿದಾಗ ಅವನ ಕಾಲು ಅವನಿಗೇ ಅಪರಿಚಿತವಾಗಿ ಕಂಡಿತು; ಬೆಳ್ಳಗೆ, ಮೆತ್ತಗೆ, ಕುರ್ಚಿಯ ಕೆಳಗೇ ಇದ್ದು ಅಭ್ಯಾಸವಾದ ಕಾಲು. ಬಂಡೆ ಶುರುವಾಗಿತ್ತು. ಮೆಟ್ಟಿಲು ಹೋಗಿ ಈಗ ಹೆಬ್ಬೆರಳು ಊರುವಷ್ಟು ಗುಳಿಗಳು ಮಾತ್ರ, ಅವುಗಳ ಪಕ್ಕ ಅಲ್ಲಲ್ಲಿ ಕಬ್ಬಿಣದ ಸರಳು. ಕಾಲು ನೋಡ್ಬೇಡಿ, ಮುಂದಿನ ಗುಳಿ ನೋಡಿ, ಎಂದು ಹಿಂದಿನಿಂದ ಹೇಳುತ್ತಿದ್ದಳು. ಅವನು ಗುಳಿ ನೋಡಿದ. ಗುಳಿಯಲ್ಲಿ ಸತ್ತ ಜೇನುಹುಳು ಇತ್ತು. ಮೇಲೆಲ್ಲೋ ಹೆಜ್ಜೇನಿನ ಗೂಡಿರಬೇಕು. ಪುಸ್ತಕದಲ್ಲಿ ಜೇನಿನ ಮಾತೇ ಇಲ್ಲವಲ್ಲ, ಹುಡುಗರು ಹೇಳಲೇ ಇಲ್ಲವಲ್ಲ ಎಂದು ಗಾಬರಿಯಾಯಿತು. ಭಾನುವಾರ ನಲವತ್ತು ಮಕ್ಕಳಲ್ಲಿ ಯಾರಾದರೂ ಕಲ್ಲು ಬೀಸಿದರೆ? ಯಾರದೋ ಹೆಣ್ಣುಮಗು ಇಲ್ಲಿ ಕಾಲು ಜಾರಿದರೆ? ಮುಂದೆ ತಾನು. ಸಾರ್, ಇಲ್ಲಿಂದ ಹೇಗೆ ಸಾರ್, ಎಂದು ಕೇಳುವ ನಲವತ್ತು ಮುಖಗಳು. ಇಷ್ಟು ದಿನ ತನ್ನ ಮಾನದ ಯೋಚನೆ ಬಿಟ್ಟು ಇದೊಂದು ಯೋಚನೆ ಬಂದಿರಲಿಲ್ಲ ಎಂಬುದು ಆ ಬಂಡೆಯ ಮೇಲೆ ಅವನಿಗೆ ಹೊಳೆಯಿತು. ಹೊಳೆದದ್ದನ್ನು ಬೇಗ ಪಕ್ಕಕ್ಕೆ ಸರಿಸಿದ.

ಕೊನೆಯ ಬಂಡೆಯ ಬುಡದಲ್ಲಿ ಒಂದಷ್ಟು ಮಟ್ಟಸ ಜಾಗ, ಅಲ್ಲಿ ದೊಣೆ. ಕಲ್ಲಿನ ಹೊಂಡದಲ್ಲಿ ಹಸಿರು ನೀರು, ಅದರ ಮೇಲೆ ತೇಲುವ ಚಿಪ್ಸ್ ಕವರು. ಅವನು ಕೂತುಬಿಟ್ಟ. ಕೆಳಗೆ ಕೆರೆಗಳು ಒಣಗಿ ಬಿಳಿ ಕಲೆಗಳಂತೆ ಬಿದ್ದಿದ್ದವು. ದೂರದಲ್ಲಿ ಮಧುಗಿರಿಯ ಬೆಟ್ಟ, ಇನ್ನೂ ದೂರದಲ್ಲಿ, ಪಾವಗಡದ ಕಡೆಗೆ, ಸೋಲಾರ್ ಹಲಗೆಗಳು ಹೊಳೆಯುತ್ತಿದ್ದವು. ಗಂಗಲಕ್ಷ್ಮಿ ಬ್ಯಾಗಿನಿಂದ ಸೌತೆಕಾಯಿ ತೆಗೆದು ಉಪ್ಪುಕಾರ ಸವರಿ ಕೊಟ್ಟಳು. ಎದುರಿಗೆ ಬಂಡೆ, ಮೂವತ್ತು ಆಳಿನ ಎತ್ತರ, ಮಧ್ಯೆ ಒಂದು ಕಪ್ಪು ಗೆರೆ. ಬಲಗಡೆ ಗುಳಿಗಳು, ಅವುಗಳ ಪಕ್ಕ ಮುರುಕು ಗೋಡೆ. ಎಡಗಡೆ ನುಣ್ಣನೆ ಇಳಿಜಾರು, ಕೊನೆಯಲ್ಲಿ ಏನೂ ಇಲ್ಲ. ಅವನು ಸೌತೆಕಾಯಿ ಕಚ್ಚುವುದನ್ನು ನಿಲ್ಲಿಸಿದ. ಬಲಗಡೆ.

"ಎಡಗಡೆ ಹೋಗೋದಲ್ಲವೇ?" ಎಂದ.

ಅವಳು ನಕ್ಕಳು. "ನೀವೂ ಪುಸ್ತಕ ಓದ್ಕೊಂಡ್ ಬಂದಿದೀರಾ ಸಾರ್? ಕೊನೆಯ ಬಂಡೆಯಲ್ಲಿ ಎಡಬದಿಗೆ ಒತ್ತಿಕೊಂಡು ನಡೆಯತಕ್ಕದ್ದು, ಅಂತ ಐತೆ. ಅದು ಇಳಿಯೋರಿಗೆ ಬರ್ದಿರೋದು. ಹತ್ತೋರಿಗೆ ಬಲ. ನಮ್ಮ ತಮ್ಮನೂ ಇಂಗೇ ಮಾಡ್ಕೊಂಡ."

ತಮ್ಮನ ಹೆಸರು ಅರುಣ್‌ಕುಮಾರ್. ಎಂಟು ವರ್ಷದ ಕೆಳಗೆ, ಪಿಯುಸಿ ಓದುವಾಗ, ಕಾಲೇಜಿನವರು ಕೊಟ್ಟ ಪ್ರಾಜೆಕ್ಟಿಗೆಂದು ಪುಸ್ತಕ ಜೇಬಿನಲ್ಲಿಟ್ಟುಕೊಂಡು ಒಬ್ಬನೇ ಬಂದಿದ್ದ. ಎಡಕ್ಕೆ ಹೋದ. ಜಾರಿ ಕೆಳಗಿನ ಗೋಣಿಮರದ ಬೇರಿಗೆ ಸಿಕ್ಕಿಕೊಂಡು ಮಧ್ಯಾಹ್ನದಿಂದ ಸಂಜೆಯವರೆಗೆ ಕೂಗಿದ. ಮರ ಇಲ್ಲದಿದ್ದರೆ ಮಾತಿರಲಿಲ್ಲ. ಬಲಗಾಲು ಎರಡು ಕಡೆ ಮುರಿಯಿತು, ಈಗ ಆ ಕಾಲನ್ನು ಎಳೆದೆಳೆದು ಹಾಕುತ್ತಾನೆ. ಪೊಲೀಸ್ ಆಗಬೇಕೆಂದು ದಿನಾ ಬೆಳಿಗ್ಗೆ ಓಡುತ್ತಿದ್ದವನು ಈಗ ಸಿರಾದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಇದನ್ನೆಲ್ಲ ಅವಳು ಸೌತೆಕಾಯಿ ಹೆಚ್ಚುತ್ತಲೇ ಹೇಳಿದಳು, ಬಹಳ ಸಲ ಹೇಳಿ ಸವೆದ ಕತೆಯ ಹಾಗೆ.

"ಕಾಲು ಹೋಗಿದ್ಕಿಂತ ಅದೇ ಜಾಸ್ತಿ ಆಯ್ತು ಸಾರ್ ಅವ್ನಿಗೆ. ಎಡ ಬಲ ತಿಳೀದೋನು ಅಂತ ಊರಾಗೆಲ್ಲಾ ಆಡ್ಕೊಂಡ್ರು. ಹೆಣ್ಣು ನೋಡಕ್ಕೋದಾಗ್ಲೂ ಯಾರೋ ಅಂದ್ಬುಟ್ರು, ತಾಳಿ ಕಟ್ಟೋವಾಗ ಪಕ್ಕದೋಳಿಗೆ ಕಟ್ಬುಟ್ಟಾನು ಅಂತ. ಅವ್ನು ಒಂದೇ ಹಟ. ಪುಸ್ತಕದಾಗೆ ಅಂಗೇ ಇತ್ತು, ನಂದೇನ್ ತಪ್ಪು ಅಂತ. ಅದ್ಕೆ ನಮ್ಮಪ್ಪ ಪುಸ್ತಕ ಎತ್ಕೊಂಡು ಕೊಡಿಗೇನಳ್ಳಿಗೆ ಹೋಗಿ ಮೇಷ್ಟ್ರನ್ನೇ ಕೇಳ್ಕೊಂಡ್ ಬಂತು. ಮೇಷ್ಟ್ರು, ಇದು ಇಳಿಯೋರ ಎಡ ಕಣಪ್ಪ, ಅಷ್ಟೂ ತಿಳಿಯಲ್ವಾ ಅಂದ್ರಂತೆ. ಅಲ್ಲಿಗೆ ಮುಗೀತು. ಅಪ್ಪ ಬಂದು ಇವ್ನಿಗೆ, ಲೇ, ಓದ್ದೋನು ನೀನು, ಅಷ್ಟೂ ತಿಳೀಲಿಲ್ವಲ್ಲೋ ಅಂತು. ಇವತ್ತಿಗೂ ಅಪ್ಪ ಮಗ ಸರಿಯಾಗಿ ಮಾತಿಲ್ಲ."

ರೇಣುಕಯ್ಯನ ಕಣ್ಣ ಮುಂದೆ ಬಂದದ್ದು ಬಿಳಿ ಪಂಚೆಯ, ತಲೆಗೆ ಟವೆಲ್ ಸುತ್ತಿದ ಮನುಷ್ಯ. ಹೌದು. ಶಾಲೆಯ ಹುಣಸೆಮರದ ಕೆಳಗೆ ಚಪ್ಪಲಿ ಬಿಟ್ಟು ನಿಂತಿದ್ದ. ಹತ್ತನೇ ತರಗತಿಗೆ ಪಾಠ ನಡೆಯುತ್ತಿತ್ತು, ಮಕ್ಕಳು ಕಿಟಕಿಯಿಂದ ನೋಡುತ್ತಿದ್ದರು. ಪುಸ್ತಕದ ಹದಿನೇಳನೆಯ ಪುಟಕ್ಕೆ ಬೆರಳಿಟ್ಟು, ಸ್ವಾಮಿ, ಈ ಎಡ ಅನ್ನೋದು ಹತ್ತೋರ್ಗಾ, ಇಳಿಯೋರ್ಗಾ, ಎಂದು ಕೇಳಿದ್ದ. ಕೇಳಿದ ಕ್ಷಣವೇ ರೇಣುಕಯ್ಯನಿಗೆ ಗೊತ್ತಾಗಿಹೋಗಿತ್ತು. ತನ್ನ ಜೊತೆ ಓದಿದ ಆ ಹುಡುಗರು ಇಳಿದು ಬಂದವರು. ಅವರ ಎಡಗೈ ಹತ್ತುವವನ ಬಲಗೈ. ಅವರು ಹೇಳಿದ್ದನ್ನೇ ತಾನು ಹತ್ತುವವರಿಗೆಂದು ಬರೆದಿಟ್ಟಿದ್ದ. ಒಂದು ಮಾತು ಹೇಳಬಹುದಿತ್ತು. ಯಾಕೆ ಕೇಳುತ್ತಿದ್ದೀಯಪ್ಪ, ಎಂದಾದರೂ ಕೇಳಬಹುದಿತ್ತು. ಕಿಟಕಿಯಲ್ಲಿ ಮಕ್ಕಳಿದ್ದರು. ಇಳಿಯುವವರ ಎಡ ಕಣಪ್ಪ, ಅಷ್ಟೂ ತಿಳಿಯಲ್ವಾ, ಎಂದು ಗಟ್ಟಿಯಾಗಿಯೇ ಹೇಳಿದ್ದ, ಮಕ್ಕಳು ನಕ್ಕಿದ್ದರು. ಆ ಮನುಷ್ಯ ಕೈಮುಗಿದು, ತಿಳೀತು ಸ್ವಾಮಿ, ಎಂದು ಚಪ್ಪಲಿ ಮೆಟ್ಟಿ ಹೋಗಿದ್ದ. ಎಂಟು ವರ್ಷ ರೇಣುಕಯ್ಯ ಆ ಬೆನ್ನನ್ನು ಮರೆಯಲು ಪ್ರಯತ್ನ ಪಟ್ಟು ಬಹುಮಟ್ಟಿಗೆ ಮರೆತಿದ್ದ. ಆ ಮನುಷ್ಯನ ಮನೆಯಲ್ಲಿ ಮುರಿದ ಕಾಲೊಂದು ಮಂಚದ ಮೇಲಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದಕ್ಕೆ ಜೋತುಬೀಳೋಣ ಎನ್ನಿಸಿತು. ಕೇಳಲೇ ಇಲ್ಲವಲ್ಲ ನೀನು, ಎಂದು ಒಳಗೆ ಯಾರೋ ಅಂದರು.

"ನಿಮ್ಮ ತಂದೆಯ ಹೆಸರೇನಮ್ಮ?"

"ಮೂಡಲಗಿರಿಯಪ್ಪ ಅಂತ. ಯಾಕ್ ಸಾರ್? ಸುಸ್ತಾಯ್ತಾ? ಆಗಲ್ಲ ಅಂದ್ರೆ ಇಲ್ಲೇ ಕೂತ್ಕಳಿ. ಬಾಳ ಜನ ಇಲ್ಲಿಗೇ ನಿಂತ್ಬುಡ್ತಾರೆ. ಫೋನ್ ಕೊಟ್ರೆ ನಾನು ಮ್ಯಾಲಕ್ಕೋಗಿ ಗುಡಿ ಮುಂದೆ, ಬುರುಜಿನ ಮ್ಯಾಲೆ ಎಲ್ಲಾ ಫೋಟೋ ಇಡ್ಕೊಂಡ್ ಬರ್ತೀನಿ. ಟೋಪಿನೂ ಕೊಡಿ, ಕಲ್ಲಿನ ಮ್ಯಾಲೆ ಇಟ್ಟು ತೆಗಿತೀನಿ. ಮನೇಲಿ ಹತ್ತಿದ್ದೆ ಅಂತ ತೋರಿಸ್ಕಬೋದು. ನಾನ್ಯಾರ್ಗೂ ಹೇಳಕ್ಕೋಗಲ್ಲ."

ಎಷ್ಟು ಸಲೀಸಾಗಿ ಹೇಳಿದಳು. ಅವನು ಜೀವಮಾನವೆಲ್ಲ ಎದೆಗೆ ಅವುಚಿಕೊಂಡಿದ್ದ ಸುಳ್ಳು ಇಲ್ಲಿ ಸೌತೆಕಾಯಿಯಷ್ಟೇ ಸಾಮಾನ್ಯ ಸರಕು. ಫೋನು ಕೈಗೆ ಬಂದೇಬಿಟ್ಟಿತ್ತು. ಕೊಟ್ಟರೆ ಆಯಿತು. ನಾಲ್ಕು ಫೋಟೋ, ಭಾನುವಾರಕ್ಕೆ ಮೊಣಕಾಲು ನೋವು, ವೇದಾವತಿ ಟೀಚರಿಗೆ ಒಂದು ವಿಷಾದದ ನಗೆ. ಮತ್ತೆ ಯಾರೂ ಕೇಳುವುದಿಲ್ಲ. ಅವನು ಫೋನನ್ನು ಜೇಬಿಗೆ ಹಾಕಿ, ಹತ್ತುತ್ತೇನೆ, ಎಂದ. ಹತ್ತಿಬಿಟ್ಟರೆ ಇದೆಲ್ಲ ಹೇಗೋ ಸರಿಹೋಗುತ್ತದೆ ಎಂಬ ಹುಚ್ಚು ನಂಬಿಕೆ. ಹತ್ತಿದವನ ತಪ್ಪಿಗೂ ಹತ್ತದವನ ತಪ್ಪಿಗೂ ಬೆಲೆ ಬೇರೆಯಿರಬೇಕಲ್ಲ.

ಬಲಕ್ಕೆ ಒತ್ತಿಕೊಂಡು ಹತ್ತಿದ. ಮೊದಲ ಹತ್ತು ಗುಳಿ ಸಿಕ್ಕವು. ಕೆಳಗಿನಿಂದ ಗಂಗಲಕ್ಷ್ಮಿಯ ಕೈ ಅವನ ಹಿಮ್ಮಡಿ ಹಿಡಿದು ಒಂದೊಂದು ಗುಳಿಗೂ ಕೂರಿಸುತ್ತಿತ್ತು. ಮೊಳೆ ಹೊಡೆಯುವವರು ಮೊಳೆ ಹಿಡಿಯುವ ಹಾಗೆ, ಅನುಮಾನವಿಲ್ಲದ ಕೈ. ಹನ್ನೊಂದನೆಯದಕ್ಕೆ ಅವನು ಎಡಕ್ಕೆ ಕಣ್ಣು ಹಾಯಿಸಿದ. ಹಾಯಿಸಬಾರದಿತ್ತು. ನುಣ್ಣನೆಯ ಕಲ್ಲು ಬಾಗಿ ಬಾಗಿ ಹೋಗಿ ಮುಗಿದು, ಅದರಾಚೆ ಗಾಳಿ. ಕೆಳಗೆ, ಬಹಳ ಕೆಳಗೆ, ಒಂದು ಗೋಣಿಮರದ ನೆತ್ತಿ. ಹದಿನೇಳು ಹದಿನೆಂಟರ ಹುಡುಗ ಅಲ್ಲಿ ಸಂಜೆಯವರೆಗೆ ಕೂಗಿದ್ದ. ರೇಣುಕಯ್ಯನ ಮೊಣಕಾಲು ನಡುಗತೊಡಗಿತು. ಒಂದು ಕಾಲಿನಿಂದ ಇನ್ನೊಂದಕ್ಕೆ, ಅಲ್ಲಿಂದ ಹಲ್ಲಿಗೆ. ಕೆನ್ನೆಯನ್ನು ಬಂಡೆಗೆ ಒತ್ತಿದ. ಕಲ್ಲು ಬೆಚ್ಚಗಿತ್ತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

"ಉಸ್ರು ಬುಡಿ ಸಾರ್. ನಾನು ಇಡ್ಕೊಂಡಿವ್ನಿ," ಎಂದಳು ಕೆಳಗಿನಿಂದ. "ನಾನು ಬುಡಲ್ಲ. ಹೆದ್ರುಕೋಬೇಡಿ ಭೀಮರಾಜು ಸಾರ್."

"ನಾನು ಭೀಮರಾಜು ಅಲ್ಲಮ್ಮ," ಎಂದ ಬಂಡೆಗೆ. ಬಾಯಿ ಕಲ್ಲಿಗೆ ತಾಗುತ್ತಿತ್ತು. "ನಾನು ರೇಣುಕಯ್ಯ. ಕೊಡಿಗೇನಹಳ್ಳಿ. ಪುಸ್ತಕ ಬರೆದವನು ನಾನು. ನಾನು ಈ ಬಂಡೆ ಯಾವತ್ತೂ ಹತ್ತಿಲ್ಲ. ಇಳಿದು ಬಂದವರು ಹೇಳಿದ್ದು ಕೇಳಿ ಬರೆದೆ. ನಿಮ್ಮಪ್ಪ ಬಂದು ಕೇಳಿದಾಗ ನನಗೆ ತಪ್ಪು ಗೊತ್ತಾಯಿತು, ಆದರೂ ಸುಳ್ಳು ಹೇಳಿದೆ. ಅರುಣ ಪುಸ್ತಕದಲ್ಲಿದ್ದ ಹಾಗೇ ಹೋಗಿದ್ದಾನೆ."

ಗಾಳಿ ಬೀಸಿತು. ಹಿಮ್ಮಡಿಯ ಮೇಲಿನ ಕೈ ಒಮ್ಮೆ ಬಿಗಿಯಾಯಿತು. ಬಿಟ್ಟುಬಿಡುತ್ತಾಳೆ, ಎಂದುಕೊಂಡ, ಬಿಟ್ಟರೆ ನ್ಯಾಯವೇ, ಎಂದೂ ಅನ್ನಿಸಿತು, ಬಿಡದಿರಲಿ ದೇವರೇ, ಎಂದೂ ಅದೇ ಉಸಿರಿನಲ್ಲಿ ಬೇಡಿಕೊಂಡ. ಕೈ ಬಿಡಲಿಲ್ಲ. ಬಹಳ ಹೊತ್ತಾದ ಮೇಲೆ ಅವಳ ದನಿ ಬಂತು, ಸಾರ್ ಎಂಬ ಮಾತಿಲ್ಲದೆ. "ಎಡಗಾಲು ಎತ್ತಿ. ಕೆಳಗಿಡಿ. ನಾನು ಕೂರುಸ್ತೀನಿ. ಈಗ ಬಲಗಾಲು." ಹಾಗೆ ಒಂದೊಂದೇ. ಹನ್ನೊಂದು ಗುಳಿ ಇಳಿಯಲು ಹತ್ತಿದ್ದಕ್ಕಿಂತ ಎರಡರಷ್ಟು ಹೊತ್ತು ಹಿಡಿಯಿತು. ಅವಳು ಎಡ ಬಲ ಬಿಟ್ಟು ಬೇರೆ ಮಾತಾಡಲಿಲ್ಲ.

ದೊಣೆಯ ಪಕ್ಕ ಅವನು ಗೋಡೆಗೆ ಒರಗಿ ಕೂತ. ಪ್ಯಾಂಟಿನ ಮೊಣಕಾಲು ಹರಿದಿತ್ತು. ಅವಳು ನೀರಿನ ಬಾಟಲು ಅವನ ಮುಂದಿಟ್ಟು, ದೂರ ಹೋಗಿ ಬೆನ್ನು ಮಾಡಿ ನಿಂತಳು. ಅಳುತ್ತಿದ್ದಾಳೋ ಏನೋ ತಿಳಿಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಬೈಗುಳಕ್ಕೆ ತಲೆ ತಗ್ಗಿಸಿ ಕೂರುವುದು ಗೊತ್ತಿರುವ ಕೆಲಸ. ತಿರುಗಿ ಬಂದಾಗ ಅವಳ ಕೈಯಲ್ಲಿ ಫೋನಿತ್ತು. ಆಗಲೇ ಕಿವಿಗೆ ಹಿಡಿದಿದ್ದಳು. "ಅರುಣ, ಒಬ್ರು ಮಾತಾಡ್ತಾರೆ, ಕೇಳುಸ್ಕೋ," ಎಂದು ಅವನ ಕಡೆ ಚಾಚಿದಳು. "ನೀವೇ ಹೇಳಿ. ನಾನೇಳಿದ್ರೆ ಅಕ್ಕ ನನ್ ಸಮಾಧಾನಕ್ಕೆ ಅಂತವ್ಳೆ ಅಂದ್ಕೋತಾನೆ."

ಹೇಳಿದ. ಬಂಡೆಯ ಮೇಲೆ ಹೇಳಿದಷ್ಟು ಚೆನ್ನಾಗಿ ಬರಲಿಲ್ಲ. ಮಧ್ಯೆ ಮಧ್ಯೆ, ಆ ಕಾಲದಲ್ಲಿ, ನಾನು ಹುಡುಗ, ಎಂಬ ಸಬೂಬುಗಳು ನುಸುಳಿದವು. ಆ ಕಡೆ ಅಂಗಡಿಯ ಸದ್ದು, ಯಾರೋ ಉರ್ದುವಿನಲ್ಲಿ ಡಿಸ್‌ಪ್ಲೇ ಎಷ್ಟು ಹೊತ್ತಾಗುತ್ತೆಂದು ಕೇಳುತ್ತಿದ್ದರು. ರೇಣುಕಯ್ಯ ಮುಗಿಸಿದ. ಆಮೇಲೆ, "ಗಿರಾಕಿ ಅವ್ರೆ ಸಾರ್," ಎಂದ ಹುಡುಗ, ಬಹಳ ಮೆತ್ತಗೆ. ಫೋನು ಕಟ್ಟಾಯಿತು.

ಅವನು ಫೋನು ಹಿಂದಕ್ಕೆ ಕೊಟ್ಟ. ಹಗುರವಾಯಿತು, ನಿಜವಾಗಿಯೂ 'ಅಬ್ಬ' ಎನ್ನುವಷ್ಟು. ಹೇಳಿಯಾಯಿತಲ್ಲ. ಆ ಹಗುರದ ಬೆನ್ನಿಗೇ ಲೆಕ್ಕ ಶುರುವಾಯಿತು: ಇಬ್ಬರಿಗೆ ಗೊತ್ತಾಯಿತು, ಇಬ್ಬರೇ, ಅಕ್ಕ ಒಬ್ಬಳು ಗೈಡು, ತಮ್ಮ ದೂರದ ಸಿರಾದಲ್ಲಿ, ಹುಡುಗ ಮಾತೇ ಆಡಲಿಲ್ಲ, ಒಳ್ಳೆಯ ಹುಡುಗ, ಕ್ಷಮಿಸಿರಬೇಕು. ಭಾನುವಾರಕ್ಕೆ ಮೊಣಕಾಲು ನೋವೇ ಸರಿ, ಪ್ಯಾಂಟು ಹರಿದಿರುವುದು ಪುರಾವೆಯಾಯಿತು. ಮುಂದಿನ ಮುದ್ರಣದಲ್ಲಿ ಸದ್ದಿಲ್ಲದೆ ಎಡ ತೆಗೆದು ಬಲ ಹಾಕಿಸಿದರಾಯಿತು. ತನ್ನ ಮನಸ್ಸು ಇಷ್ಟು ಬೇಗ ಎದ್ದು ಕೂತದ್ದು ನೋಡಿ ಅವನಿಗೇ ಅಸಹ್ಯವಾಯಿತು. ಅಸಹ್ಯವಾದರೂ ಅದು ಲೆಕ್ಕ ಹಾಕುವುದನ್ನು ಬಿಡಲಿಲ್ಲ. ಅವನು ಬ್ಯಾಗಿನಲ್ಲಿ ಬೂಟು ಹುಡುಕತೊಡಗಿದ.

ಫೋನು ಹೊಡೆದುಕೊಂಡಿತು. ಗಂಗಲಕ್ಷ್ಮಿ ನೋಡಿ, ಮಾತಾಡದೆ ಅವನಿಗೇ ಕೊಟ್ಟಳು.

"ಸಾರ್, ಇನ್ನೊಂದ್ಸಲ ಹೇಳಿ ಸಾರ್," ಎಂದ ಅರುಣ್‌ಕುಮಾರ್. ದನಿ ಈಗ ಅಷ್ಟು ಮೆತ್ತಗಿರಲಿಲ್ಲ. "ಸ್ಪೀಕರ್ ಹಾಕಿವ್ನಿ. ನನ್ನೆಂಡ್ತಿ ಅವ್ಳೆ. ಅಂಗಡಿ ಸಾಲಿನೋರೆಲ್ಲಾ ಬಂದವ್ರೆ. ಊರಾಗಿರೋ ನಮ್ಮಪ್ಪಂಗೂ ಫೋನ್ ಹಾಕಿ ಸೇರ್ಸಿವ್ನಿ. ಅಪ್ಪಾ, ಲೈನಾಗ್ ಇದೀಯಾ?"

ಗಾಳಿಯ ಸದ್ದಿನ ಹಿಂದಿನಿಂದ ಒಂದು ಮುದಿ ದನಿ ಬಂತು. "ಯಾರು, ಮೇಷ್ಟ್ರಾ? ನಮಸ್ಕಾರ ಸ್ವಾಮಿ. ಚೆನ್ನಾಗಿದೀರಾ?"

ಒಬ್ಬ ಹುಡುಗನ ಕಿವಿಯಲ್ಲಿ ಗುಟ್ಟಾಗಿ ಹೇಳಿದ್ದು ಬೇರೆ. ಇದು ಸಂಜೆಯೊಳಗೆ ಮಧುಗಿರಿ ದಾಟುತ್ತದೆ, ನಾಳೆ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಶಾಲೆಯಲ್ಲಿರುತ್ತದೆ, ಜಗದಾಂಬಳಿಗೆ ಯಾರೋ ಹಾಲಿನವಳು ಹೇಳುತ್ತಾಳೆ. ಕಟ್ಟು ಮಾಡಬಹುದು, ಬೆಟ್ಟದ ಮೇಲೆ ಸಿಗ್ನಲ್ ಹೋಗುವುದು ಯಾರಿಗೆ ಗೊತ್ತಿಲ್ಲ. ಎದುರಿಗೆ ಗಂಗಲಕ್ಷ್ಮಿ ನಿಂತಿದ್ದಳು. ಬೇಡ ಎಂದೂ ಅನ್ನಲಿಲ್ಲ, ಹೇಳಿ ಎಂದೂ ಅನ್ನಲಿಲ್ಲ.

"ಮೂಡಲಗಿರಿಯಪ್ಪನವರೇ," ಎಂದ. ಎದ್ದು ನಿಂತಿದ್ದ, ಯಾವಾಗ ಎದ್ದನೋ. "ಎಂಟು ವರ್ಷದ ಕೆಳಗೆ ನೀವು ಶಾಲೆಗೆ ಬಂದು ಒಂದು ಮಾತು ಕೇಳಿದ್ದಿರಿ. ನಾನು ಸುಳ್ಳು ಹೇಳಿದೆ. ನಾನು ಈ ಬೆಟ್ಟ ಹತ್ತೇ ಇಲ್ಲ, ಇವತ್ತೂ ಹತ್ತಲಾಗಲಿಲ್ಲ. ಪುಸ್ತಕ ತಪ್ಪು. ನಿಮ್ಮ ಮಗನದು ತಪ್ಪಲ್ಲ."

ಆ ಕಡೆ ಅಂಗಡಿಯ ಸದ್ದು ನಿಂತಿತ್ತು. ಮುದುಕ ಕೆಮ್ಮಿದ.

"ಅಂಗಾದ್ರೆ ನಮ್ಮುಡುಗ ಅವತ್ತು ಸರಿಯಾಗೇ ಓದ್ಕೊಂಡಿದ್ನಾ ಸ್ವಾಮಿ?"

"ಸರಿಯಾಗೇ ಓದಿಕೊಂಡಿದ್ದ."

"ಕೇಳುಸ್ತಾ ಅಪ್ಪ?" ಎಂದ ಅರುಣ್‌ಕುಮಾರ್. ಮೂಡಲಗಿರಿಯಪ್ಪ ಉತ್ತರ ಕೊಡಲಿಲ್ಲ. ಹುಡುಗ ಇನ್ನೊಂದು ಸಲ ಕೇಳಿದ, ಈ ಸಲ ದನಿ ಒಡೆದು, "ಕೇಳುಸ್ತಾ ಅಪ್ಪ?"